ಸ್ಕಿಲ್ಲಾಳ ಆರನೇ ತಲೆ

ಅಮ್ಮಾ, ನಮ್ಮ ಹಡಗು ರೇಗಿಯಾನ್ ಬಂದರು ಮುಟ್ಟಿದೆ. ಜಲಸಂಧಿಯ ಬಂಡೆಯಿಂದ ಬಾಗಿ ನಾವಿಕರನ್ನು ಕಚ್ಚಿಕೊಂಡು ಹೋಗುವ ಸ್ಕಿಲ್ಲಾಳ ಆರು ತಲೆಗೆ ಆರು ಜೇನುರೊಟ್ಟಿ ಕಟ್ಟಿಕೊಟ್ಟಿದ್ದೆಯಲ್ಲ, ಹಸಿವು ತಡೆಯದೆ ಮೊದಲೇ ಒಂದು ತಿಂದುಬಿಟ್ಟೆ. ಬಂಡೆ ಕಂಡಾಗ ಗಂಟು ಬಿಚ್ಚಿ ಮತ್ತೆ ಮತ್ತೆ ಎಣಿಸಿದೆ, ಐದೇ. ನನ್ನ ಪಕ್ಕ ಹುಟ್ಟು ಹಾಕುವ ಥೆರೋನಜ್ಜ, "ಆರನೇ ತಲೆಗೆ ನೀನೇ ಹೋಗ್ತೀಯೇನೋ, ಹೊಟ್ಟೆಬಾಕ?" ಎಂದು ಬೈದು, ತನ್ನ ಗಂಟಿನ ಆರು ರೊಟ್ಟಿಯಲ್ಲಿ ಒಂದು ಕೊಟ್ಟ.

"ನಿಂಗೆ ಐದೇ ಉಳೀತಲ್ಲಜ್ಜ?"

"ಈ ಮುದಿ ಮಾಂಸಾನ ಅವಳೂ ಮೂಸಿ ನೋಡಲ್ಲ. ಎಸಿ."

ಇಬ್ಬರೂ ಎಸೆದೆವು. ಎಲ್ಲರೂ ದಾಟಿದೆವು. ಅಂಗೈ ಬೊಬ್ಬೆಗೆ ಎಣ್ಣೆ ಹಚ್ಚಿದ್ದೇನೆ, ಚಿಂತಿಸಬೇಡ. ಈ ಮಡಕೆಚೂರಿನಲ್ಲಿ ಜಾಗ ಮುಗಿಯಿತು, ಇದನ್ನು ಒಯ್ಯುವವನೂ ಕೂಗುತ್ತಿದ್ದಾನೆ. ಮುಂದಿನ ಸಲ ಏಳು ರೊಟ್ಟಿ ಸುಡು. ಏಳನೆಯದು ಎಸೆಯುವುದಕ್ಕಲ್ಲ, ಅಜ್ಜನಿಗೆ.

ನಿನ್ನ ಫಿಲ್ಟಾಸ್