ನಾಲ್ಕು ದನಿಗಳಲ್ಲಿ ಒಂದು

೫ ಅಕ್ಟೋಬರ್ ೨೦೦೩, ಭಾನುವಾರ

ನಾಲ್ಕನೇ ಕ್ಯಾಸೆಟ್ ಮುಗಿಯಿತು. ಇನ್ನು ಏಳು. ಟೇಪ್ ರೆಕಾರ್ಡರಿನಿಂದ ಕಂಪ್ಯೂಟರಿಗೆ ವೈರ್ ಸಿಕ್ಕಿಸಿ ಕೂತರೆ ಒಂದೊಂದು ಬದಿಗೂ ಮುಕ್ಕಾಲು ಗಂಟೆ. ಆಮೇಲೆ ಸಿ.ಡಿ. ಮಾಡಬೇಕು. ವಾರವಿಡೀ ಬೇಗಂಪೇಟೆಯ ಆಫೀಸಿನಲ್ಲಿ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವುದು, ಭಾನುವಾರ ಇದು.

ಕೊಟ್ಟವರು ತುಳಸಾಬಾಯಿಯವರು. ಕೆಳಗಿನ ಮನೆ, ಓನರ್. ಬೀದರ್ ಕಡೆಯ ಕ್ಯಾಥೊಲಿಕರು. ಮಗ ಜೀವರತ್ನ ಸಿಕಂದರಾಬಾದಿನ ಚರ್ಚ್ ಕಾಯರ್‌ನಲ್ಲಿ, ಅಂದರೆ ಹಾಡುವ ತಂಡದಲ್ಲಿ, ಹತ್ತು ವರ್ಷ ಹಾಡಿದವನು. ಎರಡು ವರ್ಷದ ಹಿಂದೆ ಇದೇ ತಿಂಗಳು ಸ್ಕೂಟರ್ ಅಪಘಾತದಲ್ಲಿ ಹೋದ. ಮೂವತ್ತೊಂದು ವಯಸ್ಸು. ನಾನು ನೋಡಿದವಳಲ್ಲ, ಆಗಿನ್ನೂ ಮೈಸೂರಿನಲ್ಲಿದ್ದೆ.

ಎಲ್ಲವೂ ಬಲಿಪೂಜೆಯ — ಚರ್ಚಿನ 'ಮಾಸ್'ನ — ಹಾಡುಗಳು, ಲ್ಯಾಟಿನ್‌ನಲ್ಲಿ. ಒಂದು ಪದವೂ ತಿಳಿಯದು.

ಇವತ್ತು ಟೀ ತಂದಿಟ್ಟು ಕೇಳಿದರು: "ಇದರಾಗ ನನ್ನ ಮಗನ ದನಿ ಯಾವುದು ಅಂತ ಹುಡುಕಿ ಕೊಡ್ತೀ ಏನವ್ವಾ? ಅವನೊಬ್ಬಂದು. ಒಂದ್ ಸಾಲಾದ್ರೂ ಸಾಕು."

ಹೂಂ ಅಂದುಬಿಟ್ಟೆ.

೧೨ ಅಕ್ಟೋಬರ್

ಒಟ್ಟು ಐದು ಬಲಿಪೂಜೆ, ಕೆಲವನ್ನು ಎರಡು ಮೂರು ಸಲ ಹಾಡಿದ್ದಾರೆ. ಐದು ಜನ ಬೇರೆ ಬೇರೆ ಕಾಲದಲ್ಲಿ ಸ್ವರ ಹಾಕಿದ್ದು. "ಮಾತು ಎಲ್ಲಾ ಅವೇ, ರಾಗ ಅಷ್ಟೇ ಬ್ಯಾರೆ," ಎಂದರು ತುಳಸಾಬಾಯಿ. ಪಕ್ಕದಲ್ಲಿ ಕೂತು ಒಂದೊಂದೇ ಸಾಲಿನ ಅರ್ಥ ಹೇಳುತ್ತ ಹೋದರು.

ಒಂದರಲ್ಲಿ ಆರ್ಗನ್ ಗುಡುಗುತ್ತದೆ, ದೇವರಿಗೆ ಕಿವಿ ಮಂದವೇನೋ ಎನ್ನುವ ಹಾಗೆ. ಇನ್ನೊಂದು ತೀರ ಹಳೆಯದು, ವಾದ್ಯವೇ ಇಲ್ಲ. ಒಂದು ದನಿ ಹೊರಟರೆ ಬೆನ್ನಿಗೆ ಮತ್ತೊಂದು, ಯಾರೂ ಯಾರನ್ನೂ ತಳ್ಳುವುದಿಲ್ಲ. ನನಗೆ ಇದು ಇಷ್ಟ. ಅವರಿಗೆ ಮೂರನೆಯದು.

ಯಾಕೆ ಎಂದರೆ — ವಿಶ್ವಾಸ ಹೇಳುವ ಭಾಗದಲ್ಲಿ, ಶಿಲುಬೆಗೇರಿಸಿದ ಮೇಲೆ, 'ಹೂಳಿದರು' ಎಂಬ ಪದ ಬರುತ್ತದೆ. ಅಲ್ಲಿ ಐದೂ ಜನ ಸ್ವರ ಕೆಳಗಿಳಿಸುತ್ತಾರೆ. ಮುಂದಿನ ಪದ 'ಎದ್ದರು'. ಐವರೂ ಮೇಲಕ್ಕೆ ಹಾರುತ್ತಾರೆ. ಮೂರನೆಯವನೊಬ್ಬ ಮಾತ್ರ ನಡುವೆ ಸುಮ್ಮನಿರುತ್ತಾನೆ. ಎಷ್ಟು ಹೊತ್ತು ಎಂದರೆ, ಟೇಪ್ ನಿಂತಿತು ಎಂದುಕೊಂಡೆ.

"ಈ ರಾಗ ಕಟ್ಟಿದಾಂವ ಯಾರನ್ನೋ ಮಣ್ಣು ಮಾಡಿ ಬಂದಾನ," ಎಂದರು ತುಳಸಾಬಾಯಿ.

೧೯ ಅಕ್ಟೋಬರ್

ಸಿಗುತ್ತಿಲ್ಲ. ಅವನು ಹಾಡಿದ್ದು ಟೆನರ್ — ಗಂಡಸರ ಮೇಲುದನಿ. ನಾಲ್ವರಿದ್ದರಂತೆ. ಹೆಡ್‌ಫೋನ್ ಹಾಕಿ ಕಿವಿ ನೋಯುವವರೆಗೆ ಕೇಳಿದೆ. ನಾಲ್ವರಲ್ಲ, ಒಬ್ಬನೇ ಹಾಡಿದಂತಿದೆ.

ಬೇರೆ ಎಲ್ಲೂ ಅವನ ದನಿ ಇಲ್ಲವಂತೆ. ಮದುವೆಯಾಗಿರಲಿಲ್ಲ, ವಿಡಿಯೋ ಇಲ್ಲ. ಗೋಡೆಯ ಫೋಟೋದಲ್ಲಿ ಬಾಯಿ ಮುಚ್ಚಿ ನಿಂತಿದ್ದಾನೆ.

೨ ನವೆಂಬರ್

ಸತ್ತವರ ದಿನವಂತೆ. ತುಳಸಾಬಾಯಿಯವರ ಜೊತೆ ಜೀವರತ್ನನ ಸಮಾಧಿಗೆ ಹೋಗಿದ್ದೆ. ಮೇಣದಬತ್ತಿ ಗಾಳಿಗೆ ಆರುತ್ತಲೇ ಇತ್ತು. ನಾನು ಸೆರಗು ಅಡ್ಡ ಹಿಡಿದೆ, ಅವರು ಹಚ್ಚಿದರು.

"ಸಿಕ್ತೇನವ್ವಾ?"

"ಇನ್ನೂ ಹುಡುಕ್ತಿದ್ದೀನಿ ಅಮ್ಮ."

೯ ನವೆಂಬರ್

ಸಿಕ್ಕಿತು!! ಮೂರನೇ ಬಲಿಪೂಜೆ, ಏಳನೇ ಕ್ಯಾಸೆಟ್. ಒಂದು ದನಿ ಉಳಿದವರಿಗಿಂತ ಅರೆಕ್ಷಣ ಮೊದಲೇ ಎದ್ದುಬಿಡುತ್ತದೆ. ಒಂಟಿ ದನಿ, ಸ್ಪಷ್ಟ. ಕೆಳಗೆ ಓಡಬೇಕೆಂದವಳು ಮೆಟ್ಟಿಲಲ್ಲೇ ನಿಂತೆ. ಅವನದಲ್ಲದಿದ್ದರೆ? ಮೊದಲು ಕಾಯರ್ ಮಾಸ್ತರರನ್ನು ಕೇಳಬೇಕು.

೧೬ ನವೆಂಬರ್

ಮೌನಪ್ಪ ಮಾಸ್ತರರು ಕೇಳಿ ನಕ್ಕರು. "ಅದು ನಾನ್ರಿ. ಅವತ್ತು ಒಬ್ಬಾಂವ ಬಂದಿದ್ದಿಲ್ಲ, ನಾನೇ ಟೆನರ್‌ನಾಗ ನಿಂತೆ. ಅವಸರ ಮಾಡಿದೆ."

ನನ್ನ ಮುಖ ಸಪ್ಪಗಾದದ್ದು ಕಂಡಿರಬೇಕು. ಮೆತ್ತಗೆ ಹೇಳಿದರು: "ಜೀವರತ್ನನ ದನಿ ಹಂಗ ಸಿಗಂಗಿಲ್ರಿ. ಬಾಜೂದವರ ದನಿಯೊಳಗ ತನ್ನ ದನಿ ಇಟ್ಟು ಹಾಡಾಂವ. ಅದಕ್ಕ ಅವನ್ನ ಹತ್ತು ವರ್ಷ ಬಿಟ್ಟಿದ್ದಿಲ್ಲ ನಾ."

ಬೀರುವಿನಿಂದ ಒಂದು ಕ್ಯಾಸೆಟ್ ತೆಗೆದುಕೊಟ್ಟರು. ಅದೇ ಮೂರನೇ ಬಲಿಪೂಜೆ, ೨೦೦೧ರ ಕ್ರಿಸ್‌ಮಸ್. ಅವನು ಹೋಗಿ ಎರಡು ತಿಂಗಳಾಗಿತ್ತು. "ಹಿಂದಿನ ವರ್ಷದ ಕ್ರಿಸ್‌ಮಸ್‌ದು ಅವರ ಮನ್ಯಾಗ ಇರಬೇಕು. ಎರಡೂ ಕೇಳಿ ನೋಡ್ರಿ."

೨೩ ನವೆಂಬರ್

೨೦೦೦ದ್ದು ತುಳಸಾಬಾಯಿಯವರ ಕ್ಯಾಸೆಟ್‌ಗಳಲ್ಲೇ ಇತ್ತು. ಎರಡರಲ್ಲೂ ಕೇಳಿದ್ದು ಕೊನೆಯ ಭಾಗ. ಕೊನೆಯ ಪದ 'ಶಾಂತಿ'. ಟೆನರ್‌ಗಳು ಒಂದೇ ಸ್ವರವನ್ನು ಹನ್ನೊಂದು ಸೆಕೆಂಡ್ ಹಿಡಿಯಬೇಕು.

೨೦೦೧ರಲ್ಲಿ ಏಳನೇ ಸೆಕೆಂಡಿಗೆ ಸ್ವರ ಒಡೆಯುತ್ತದೆ. ಉಸಿರು ಸಾಲದೆ.

೨೦೦೦ದಲ್ಲಿ ಅದೇ ಜಾಗದಲ್ಲಿ ಉಸಿರು ಎಳೆದುಕೊಂಡ ಸದ್ದು ಕೇಳುತ್ತದೆ, ಮೂರು, ಒಟ್ಟೊಟ್ಟಿಗೇ. ಸ್ವರ ಮಾತ್ರ ನಿಂತೇ ಇದೆ. ತೆಳ್ಳಗೆ, ಅಲುಗದೆ. ಮೂವರು ಉಸಿರು ತಗೊಳ್ಳುತ್ತಿದ್ದರೆ ಹಿಡಿದುಕೊಂಡಿರುವವನು ಒಬ್ಬನೇ…

ಕರೆದುಕೊಂಡು ಬಂದು ಕೇಳಿಸಿದೆ. ತುಳಸಾಬಾಯಿ ಅಳಲಿಲ್ಲ. ಸ್ಪೀಕರ್ ಮೇಲೆ ಅಂಗೈ ಇಟ್ಟರು. "ಬಂದ," ಎಂದರು. "ಇನ್ನೊಮ್ಮೆ ಹಚ್ಚು."

೨೦೦೧ರದನ್ನು ಹಚ್ಚಹೋದರೆ ಕೈ ಅಡ್ಡ ತಂದರು. "ಬ್ಯಾಡ. ಅದರಾಗ ಅವ ಇಲ್ಲ."

೧೪ ಡಿಸೆಂಬರ್

ಬರೆಯಲು ಮನಸ್ಸಿರಲಿಲ್ಲ. ದಿನಾ ಬೆಳಿಗ್ಗೆ ಲಿಂಗಂಪಲ್ಲಿ ಸ್ಟೇಷನ್ನಿಗೆ ಹೊರಡುವಾಗ ಕೆಳಗಿನಿಂದ, ನಾನೇ ಮಾಡಿಕೊಟ್ಟ ಸಿ.ಡಿ.ಯಿಂದ, ಆ ಸ್ವರ. ಆಫೀಸಿನಿಂದ ಬಂದಾಗಲೂ ಅದೇ. ಮೂರು ಭಾನುವಾರದಿಂದ ಚರ್ಚಿಗೆ ಹೋಗಿಲ್ಲ ಅವರು. ಮೊದಲು ಒಂದೂ ತಪ್ಪಿಸುತ್ತಿರಲಿಲ್ಲ.

"ಅಲ್ಲಿಗೆ ಯಾಕ ಹೋಗ್ಲಿ? ಅವ ಮನ್ಯಾಗ ಅದಾನಲ್ಲ."

ಊಟವೂ ಕಡಿಮೆಯಾಗಿದೆ. ಹುಡುಕಿ ಕೊಟ್ಟವಳು ನಾನೇ.

ಮಧ್ಯಾಹ್ನ ಮಾಸ್ತರರಿಗೆ ಫೋನ್ ಮಾಡಿದೆ.

೨೧ ಡಿಸೆಂಬರ್, ಸಂಜೆ

ಮೌನಪ್ಪ ಮಾಸ್ತರರು ಬಂದಿದ್ದರು. ಕ್ರಿಸ್‌ಮಸ್‌ಗೆ ಬನ್ನಿ ಎಂದು ಕರೆದರು. ತುಳಸಾಬಾಯಿ ಎದ್ದು ಸಿ.ಡಿ. ಹಚ್ಚಿದರು. ಏಳನೇ ಸೆಕೆಂಡು ಬಂದಾಗ ಮಾಸ್ತರರು ಕನ್ನಡಕ ತೆಗೆದರು.

ಮುಗಿದ ಮೇಲೆ ಹೇಳಿದರು: "ಎರಡನೇದೂ ಕೇಳ್ರಿ ಅಕ್ಕಾರ."

"ಅವ ಇಲ್ಲದ್ದು ನನಗ್ಯಾಕ?"

"ನಾವು ಅದೀವಲ್ರೀ ಅದರಾಗ." ಮಾಸ್ತರರು ಕನ್ನಡಕ ಒರೆಸುತ್ತ ಹೇಳಿದರು. "ಉಸಿರು ಸಾಲದ ಒಡೆದದ್ದಲ್ಲ ಅದು. ಮೂರೂ ಮಂದಿ ಅಳಾಕತ್ತಿದ್ರು. ಮುಂದ ನಿಂತು ಕೈ ಆಡಸಾಕತ್ತಿದ್ದೆ, ನನಗೂ ಕಣ್ಣು ಕಾಣವಲ್ದಾಗಿತ್ತು."

ನಾನು ಉಸಿರು ಸಾಲದ್ದು ಎಂದೇ ತಿಳಿದಿದ್ದೆ. ಅಷ್ಟು ಸಲ ಕೇಳಿಯೂ…

ತುಳಸಾಬಾಯಿ ನನ್ನ ಕಡೆ ತಿರುಗಿದರು. "ಮಧುರಾ, ಹಚ್ಚವ್ವಾ."

ಹಚ್ಚಿದೆ. ಐದು. ಆರು. ಒಡೆಯಿತು. ತುಳಸಾಬಾಯಿ ಈ ಸಲ ಕೈ ಎತ್ತಲಿಲ್ಲ. ಪೂರ್ತಿ ಕೇಳಿದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಮನೆಗೆ ಬಂದ ಹೊಸಬರನ್ನು ವಿಚಾರಿಸುವಂತೆ ಕೇಳಿದರು:

"ಇವರು ಯಾರ್ಯಾರು, ಮೌನಪ್ಪಾ?"

"ಬಲಕ್ಕ ನಿಂತಾಂವ ಸೋಮಣ್ಣರಿ. ಅವನ ಬಾಜೂಕ —"