ಥರ್ಮೋಕೋಲ್ ಓಕ್‌ಗಳಿಗಾಗಿ ನಿಜವಾದ ಓಕ್‌ಗಳನ್ನು ಕಡಿಯಲು ಒಪ್ಪಿದವರಿಗೆ

ಮಾನ್ಯ ಉದ್ಯಾನಾಧಿಕಾರಿಗಳೇ,

‘ಅಳಿಯುತ್ತಿರುವ ಓಕ್ ಕಾಡನ್ನು ಉಳಿಸಿ’ ಎಂದು ಸಾರುವ ದುರ್ಗಾಪೂಜೆಯ ಪೆಂಡಾಲಿಗೆ ಜಾಗ ಮಾಡಿಕೊಡಲು, ನಮ್ಮ ಪಾರ್ಕಿನಲ್ಲಿರುವ ಓಕ್ ಮರಗಳನ್ನು ಕಡಿಯಲು ತಾವು ಅನುಮತಿ ಕೊಟ್ಟಿದ್ದೀರಿ. ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ನಾನಂತೂ ತಪ್ಪು ನನ್ನ ಕನ್ನಡಕದ್ದೇ ಇರಬೇಕೆಂದು ಒರೆಸಿ ಒರೆಸಿ ಓದಿದ್ದೇನೆ. ತಮಗೆ ಇಂಗ್ಲಿಷಿನಲ್ಲಿ ಬರೆದೆ, ಹಿಂದಿಯಲ್ಲಿ ಬರೆದೆ, ಪಕ್ಕದ ಮನೆಯವರನ್ನು ಕಾಡಿ ಬಂಗಾಳಿಯಲ್ಲೂ ಬರೆಸಿದೆ. ಯಾವುದಕ್ಕೂ ಉತ್ತರವಿಲ್ಲ. ಹೇಗೂ ಉತ್ತರ ಬರುವುದಿಲ್ಲ ಎಂದಾದ ಮೇಲೆ ಬೈಯಲು ಅನುಕೂಲವಾದ ಭಾಷೆಯಲ್ಲೇ ಬರೆಯೋಣವೆಂದು, ಕೋಲ್ಕತ್ತಾದ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಇದನ್ನು ಕೊಡುತ್ತಿದ್ದೇನೆ.

ನಾನು ಇಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ಮೇಘಾಲಯದ ಒಂದು ಸುಣ್ಣಕಲ್ಲಿನ ಗುಡ್ಡದ ಮೇಲೆ ಪುಟ್ಟ ಓಕ್ ಕಾಡಿತ್ತು. ಸುಣ್ಣಕಲ್ಲಿನ ನೆಲ ಮಹಾ ಜಿಪುಣ: ಮಣ್ಣು ತೆಳು, ಬಿದ್ದ ಮಳೆ ಬಿರುಕುಗಳಲ್ಲಿ ಇಳಿದು ಮಾಯ. ಆದರೂ ಓಕ್‌ಗಳು ಬಂಡೆಯ ಸೀಳಿಗೆ ಬೇರು ತುರುಕಿ ನಿಂತಿದ್ದವು. ಅವುಗಳ ನೆರಳಲ್ಲಿ ಕಪ್ಪು ದಂಟಿನ ಜರಿಗಿಡ, ಕಾಡು ಕರ್ಣಕುಂಡಲ, ಕಲ್ಲಿಗೆ ಅಂಟಿಕೊಂಡ ಆರ್ಕಿಡ್, ಮತ್ತು ಬೇಸಿಗೆಯಲ್ಲಿ ಸುರುಟಿ ಸತ್ತಂತೆ ಬಿದ್ದುಕೊಂಡು ಮೊದಲ ಮಳೆಗೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುವ ಒಂದು ಗಿಡ. ಆ ಗಿಡ ಈಗ ನಮ್ಮ ಪಾರ್ಕಿನಲ್ಲೂ ಇದೆ; ತಮ್ಮ ಇನ್‌ಸ್ಪೆಕ್ಟರರು ಏಪ್ರಿಲ್‌ನಲ್ಲಿ ಅಲ್ಲಿಗೆ ಬಂದು ‘ಗಿಡಗಳು ಸತ್ತಿವೆ’ ಎಂದು ವರದಿ ಕೊಟ್ಟದ್ದು ಇದನ್ನು ನೋಡಿಯೇ. ಮಧ್ಯಾಹ್ನದ ಹೊತ್ತು ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದವರನ್ನೆಲ್ಲ ಹೀಗೆ ವರದಿ ಮಾಡತೊಡಗಿದರೆ ಸರ್ಕಾರಿ ಕಚೇರಿಗಳ ಗತಿಯೇನು ಸ್ವಾಮಿ?

ಆ ಗುಡ್ಡ ಈಗ ಸಿಮೆಂಟಾಗಿದೆ. ಒಂದಿಷ್ಟು ತಮ್ಮ ಕಚೇರಿಯ ಗೋಡೆಯಲ್ಲೂ ಇದ್ದೀತು. ಡೈನಮೈಟ್ ಇಡುವ ಮೊದಲು ನಾವು ಬೀಜ, ಗಿಡ, ಕಲ್ಲು ಎಲ್ಲವನ್ನೂ ಲಾರಿಗೆ ಹೇರಿಕೊಂಡು ಬಂದು, ತಮ್ಮ ಹಿಂದಿನ ಅಧಿಕಾರಿಗಳ ಒಪ್ಪಿಗೆಯಿಂದಲೇ ಪಾರ್ಕಿನ ಮೂಲೆಯಲ್ಲಿ ನೆಟ್ಟೆವು. ಕೋಲ್ಕತ್ತಾದ ಸೆಕೆಯಲ್ಲಿ ಓಕ್ ಬದುಕದು ಎಂದು ಎಲ್ಲರೂ ನಕ್ಕರು. ನೆರಳಿನ ಬಲೆ ಕಟ್ಟಿ, ಸಂಜೆ ಸಂಜೆ ನೀರು ಚಿಮುಕಿಸಿ, ಮಗಳಿಗಿಂತ ಹೆಚ್ಚು ಮುದ್ದು ಮಾಡಿ ಬೆಳೆಸಿದೆ. ಮಗಳು ಅಕ್ಷರಾಳೇ ಹಾಗೆ ದೂರುತ್ತಾಳೆ.

ಈ ವರ್ಷ ಪೂಜಾ ಸಮಿತಿಯ ಕಾರ್ಯದರ್ಶಿ ನಿರುಪಮ್‌ದಾ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು ಮನೆಗೆ ಬಂದರು. “ದಿದಿ, ಈ ಸಲ ನಮ್ಮ ಥೀಮ್ ನಿಮ್ಮ ಕಾಡೇ!” ಎಂದರು. ನಾನು ಉಬ್ಬಿಹೋದೆ. ಅವರ ಕಲಾವಿದರು ಬಂದು, ಥರ್ಮೋಕೋಲಿನ ಓಕ್ ಮಾಡಲೆಂದು ನನ್ನ ಓಕ್‌ಗಳ ತೊಗಟೆಗೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆದುಕೊಂಡರು. ಜರಿಗಿಡದ ದಂಟು ಎಷ್ಟು ಕಪ್ಪು ಎಂದು ಬಣ್ಣದ ಚೀಟಿಗಳನ್ನು ಪಕ್ಕಕ್ಕಿಟ್ಟು ನೋಡಿದರು. ಆಮೇಲೆ ಒಂದು ಭಾನುವಾರ ಸಮಿತಿಯವರು ಢಾಕ್ ಡೋಲು ಬಡಿದುಕೊಂಡು ಬಂದು, ಪೆಂಡಾಲಿನ ಮೊದಲ ಬಿದಿರು ಗಳವನ್ನು ನೆಡುವ ಖೂಂಟಿ ಪೂಜೆಯನ್ನು ನನ್ನ ಕಾಡಿನ ನಟ್ಟನಡುವೆ ಮುಗಿಸಿದರು. ಪಾರ್ಕಿನಲ್ಲಿ ಬಯಲಿಗೆ ಬರವಿರಲಿಲ್ಲ. ಪುರೋಹಿತರಿಗೆ ನೆರಳು ಬೇಕಿತ್ತಂತೆ, ಅಷ್ಟೇ.

“ಗಳ ಆ ಕಡೆ ಸರಿಸಿ ದಾದಾ,” ಎಂದೆ.

ನಿರುಪಮ್‌ದಾ ಕಿವಿ ಮುಚ್ಚಿಕೊಂಡರು. “ಛೀ ಛೀ ದಿದಿ! ಪೂಜೆಯಾದ ಖೂಂಟಿ ಅಲುಗಿಸಬಾರದು. ನಿಮ್ಮ ಮರಗಳನ್ನೇ ತೆಗೆಯೋಣ. ಹಬ್ಬ ಮುಗಿದ ಮೇಲೆ ವಾಪಸ್ ನೆಟ್ಟರಾಯಿತು.”

ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರದು ಭಕ್ತಿ. ತಮ್ಮದೇನು? ‘ಖೂಂಟಿ ಈಗಾಗಲೇ ಸ್ಥಾಪಿತವಾಗಿರುವುದರಿಂದ ಅಡ್ಡ ಬರುವ ಸಸ್ಯಗಳನ್ನು ತೆರವುಗೊಳಿಸತಕ್ಕದ್ದು’ ಎಂದು ಮೊಹರು ಒತ್ತಿದ್ದೀರಿ. ಅಂದರೆ ಕಡಿದು ತಂದ ಬಿದಿರು ಸ್ಥಿರಾಸ್ತಿ, ಬೇರು ಬಿಟ್ಟ ಮರ ಚರಾಸ್ತಿ! ಅದೇ ಆದೇಶದಲ್ಲಿ, ಪೆಂಡಾಲ್ ಸ್ಪರ್ಧೆಯಲ್ಲಿ ಬಹುಮಾನ ಬಂದರೆ ಥರ್ಮೋಕೋಲ್ ಓಕ್‌ಗಳನ್ನು ಗಾಜಿನ ಮನೆಯೊಳಗೆ ಕಾಯಂ ಆಗಿ ಕಾಪಾಡುವ ಭರವಸೆಯೂ ಇದೆ. ರೈಲ್ವೆಯಲ್ಲಿರುವ, ಧಾರವಾಡದವರಾದ ನನ್ನ ಗಂಡ ಭರತೇಶ ಇದನ್ನು ಓದಿ, “ನೀ ಸುಮ್ನ ತಲಿ ಕೆಡಿಸ್ಕೋಬ್ಯಾಡ. ನಿನ್ನ ಗಿಡಕ್ಕೂ ಒಂದೀಟು ಥರ್ಮೋಕೋಲ್ ಅಂಟಿಸು, ಉಳೀತಾವ” ಎಂದರು. ಅಕ್ಷರಾ ಮಾತ್ರ ನಗಲಿಲ್ಲ. “ಅಮ್ಮಾ, ರಿಯಲ್ ಟ್ರೀ ಕಟ್ ಮಾಡಿ ಸೇಮ್ ಟ್ರೀದು ಸ್ಟ್ಯಾಚ್ಯೂ ಇಡ್ತಾರಾ? ವೈ?” ಎಂದಳು. ಇದಕ್ಕೆ ಉತ್ತರ ತಮ್ಮಲ್ಲಿದ್ದರೆ ಅವಳಿಗೇ ತಿಳಿಸಿ.

ಇಷ್ಟು ಹೊತ್ತು ತಮಾಷೆ ಮಾಡಿದೆ, ಇನ್ನು ನನ್ನಿಂದಾಗದು. ಈ ಮಳೆಗಾಲದಲ್ಲಿ ಒಂದು ಓಕ್ ಮೊದಲ ಬಾರಿಗೆ ಕಾಯಿ ಕಚ್ಚಿದೆ. ಎಲೆಗಳ ಸಂದಿಯಲ್ಲಿ ಟೋಪಿ ಹಾಕಿಕೊಂಡ ಹಸಿರು ಕಾಯಿಗಳು. ಅವು ಮಾಗುವುದು ಚಳಿಗಾಲಕ್ಕೆ; ದುರ್ಗೆ ಬರುವುದು ಅದಕ್ಕೂ ಮೊದಲು. ಎಳೆಯ ಕಾಯಿ ಮೊಳೆಯುವುದಿಲ್ಲ. ಹೋಗಿ ಬೇರೆ ಬೀಜ ಆರಿಸಿ ತರೋಣವೆಂದರೆ ಆ ಗುಡ್ಡವೇ ಇಲ್ಲ. ನನಗೆ ಹೆದರಿಕೆಯಾಗುತ್ತಿದೆ, ಮಾನ್ಯರೇ.

ಆದೇಶವನ್ನು ಇಂದೇ ರದ್ದುಮಾಡಿ, ಪೆಂಡಾಲನ್ನು ಬಯಲಿಗೆ ಕಳಿಸಿ ಎಂಬುದು ನನ್ನ ಬೇಡಿಕೆ. ಅದು ಆಗದಿದ್ದರೆ ಕಾಯಿ ಮಾಗುವವರೆಗಾದರೂ ಗರಗಸ ತಡೆಯಿರಿ. ಹಬ್ಬದ ದಿನಗಳಲ್ಲಿ ಆ ತಾಯಿ ದುರ್ಗೆ ಬೇಕಾದರೆ ಮರದ ಬುಡದಲ್ಲೇ ಕೂರಲಿ. ಅವಳಿಗೆ ನೆರಳು ಕೊಡಲು ನನ್ನ ಓಕ್ ಯಾರ ಅನುಮತಿಯನ್ನೂ ಕೇಳುವುದಿಲ್ಲ.

ಇಂತಿ,
ಪೆಂಡಾಲಿನ ಬ್ಯಾನರಿನಲ್ಲಿ ‘ವಿಶೇಷ ಕೃತಜ್ಞತೆ’ಯ ಕೆಳಗೆ ಈಗಾಗಲೇ ಅಚ್ಚಾಗಿಹೋಗಿರುವ
ಇಂದುಮತಿ
ಲೇಕ್ ಗಾರ್ಡನ್ಸ್