ಬಾಗಿಲ ಮೇಲಿನ ಮರದ ಬಿಲ್ಲೆ

ಮಾರ್ಚ್ 11, ಕೋಡಿಯಾಕ್ ದ್ವೀಪ

ಮತ್ತೆ ಲೈಲ್‌ನ ಬಂದೂಕಿನ ಅಂಗಡಿ. ಕರಡಿ ಬೇಟೆಯ ಸೀಸನ್ ಹತ್ತಿರ ಬಂತು, ಇವಳಿನ್ನೂ ರೈಫಲ್ ಆರಿಸಿಲ್ಲ ಅಂತ ಅಪ್ಪನಿಗೆ ಸಿಡಿಮಿಡಿ. ಕೆಳಗಿನ ಹಿಡಿಯನ್ನು ತಳ್ಳಿ ಎಳೆದು ತೋಟಾ ಏರಿಸುವ ಲಿವರ್ ರೈಫಲ್ಲೇ ಆಗಬೇಕು, ಹೆಬ್ಬೆರಳು ದಪ್ಪದ ತೋಟಾದ್ದೇ ಆಗಬೇಕು. ತಾತನ ಕಾಲದಿಂದ ಬೇಟೆಗೆ ಬರುವ ಗಿರಾಕಿಗಳನ್ನು ಕರೆದೊಯ್ಯುವ ನಮ್ಮ ಮನೆಯ ಗೈಡ್‌ಗಳು ಹಿಡಿದದ್ದು ಅದನ್ನೇ. ಆಯ್ಕೆ ಮಾತ್ರ ನನ್ನದಂತೆ!

ಲೈಲ್ ಎರಡನ್ನು ಮುಂದಿಟ್ಟ. ಒಂದು ಉದ್ದ ನಳಿಗೆಯದು, ವಾಲ್ನಟ್ ಮರದ ಹಿಡಿ, ನೀಲಿಗಪ್ಪು ಉಕ್ಕು. ಇನ್ನೊಂದು ಗಿಡ್ಡ, ಮರದ ಹಿಡಿಗೆ ಸ್ಟೇನ್‌ಲೆಸ್ ಸ್ಟೀಲಿನ ನಳಿಗೆ, ಉಪ್ಪುಗಾಳಿಗೆ ಜಗ್ಗದ್ದು.

"ಇದ್ನ ನೋಡು ಮಾರಿತ್, ಎಷ್ಟು ಲಕ್ಷಣವಾಗಿದೆ." ಅಪ್ಪ ವಾಲ್ನಟ್ ಸವರಿದ.

"ಲಕ್ಷಣ ನೋಡೋಕೆ ಇದೇನು ಮದುವೆ ಗಂಡಾ?"

ಲೈಲ್ ನಕ್ಕ. ಅಪ್ಪ ನಗಲಿಲ್ಲ. ಬರಿಗೈಯಲ್ಲಿ ಬಂದೆವು.

ಕೊಳ್ಳದಿದ್ದರೆ ಗೈಡ್ ಆಗುವುದರಿಂದ ತಪ್ಪಿಸಿಕೊಳ್ಳಬಹುದು ಎಂಬ ಹುಚ್ಚು ಆಸೆ ನನಗೆ. ಸೀಸನ್ ಮುಗಿದರೆ ಆಂಕರೇಜ್ ಪಟ್ಟಣದ ಪ್ರಾಣಿ ಆಸ್ಪತ್ರೆಯಲ್ಲಿ ಕೆಲಸ ಕಾದಿದೆ. ಲೈಲ್‌ಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿಲ್ಲ.

ಮಾರ್ಚ್ 19

ಜಲ್ಲಿ ಕ್ವಾರಿಯಲ್ಲಿ ಗುರಿ ಅಭ್ಯಾಸ. ಅಂಗಡಿಯ ಎರಡನ್ನೂ ಹಾರಿಸಿ ನೋಡಿದೆ. ಭುಜಕ್ಕೆ ಕತ್ತೆ ಒದ್ದ ಹಾಗಾಯಿತು. ಆಮೇಲೆ ಅಪ್ಪ ತನ್ನ ಹಳೆಯದನ್ನು ಎತ್ತಿದ. ಮೊದಲ ಗುಂಡು ಸರಿ. ಲಿವರ್ ಆಡಿಸಿದ, ಕುದುರೆ ಎಳೆದ — ಬರೀ ಟಿಕ್.

"ಹಾಳು ತೋಟಾ," ಅಂದ.

ತೋಟಾ ಅಲ್ಲ. ಲಿವರನ್ನು ಪೂರ್ತಿ ತಳ್ಳಿರಲಿಲ್ಲ. ಅರೆಬರೆ ತಳ್ಳಿದರೆ ಸುಟ್ಟದ್ದು ಹೊರಗೆ ಬೀಳುತ್ತದೆ, ಹೊಸದು ಒಳಗೆ ಬರುವುದಿಲ್ಲ. ನನಗೆ ಮೊದಲ ಪಾಠವೆಂದು ಇದನ್ನು ಕಲಿಸಿದವನೇ ಅಪ್ಪ. ಈಗ ಬೆರಳ ಗೆಣ್ಣುಗಳೆಲ್ಲ ಊದಿವೆ. ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಾನೆ.

ಈ ಕೈ ಇಟ್ಟುಕೊಂಡು ಗಾಯಗೊಂಡ ಕರಡಿಯ ಹಿಂದೆ ಪೊದೆಗೆ ನುಗ್ಗುತ್ತಾನಾ? ಹೆದರಿಕೆಯಾಗುತ್ತಿದೆ.

ಮಾರ್ಚ್ 20

ಗಿಡ್ಡದ್ದನ್ನೇ ಆರಿಸಿದೆ. ಅದರ ಲಿವರಿನ ಬಳೆ ದೊಡ್ಡದು, ಊದಿದ ಕೈಗೂ ಸಲೀಸು. ಅಪ್ಪ ಹಿಡಿಯಲಿ, ನಾನು ಹೊರಡುತ್ತೇನೆ... ಇದು ನನ್ನ ಉಪಾಯ.

ಮನೆಗೆ ಬಂದವನೇ ಅಪ್ಪ ನನ್ನ ತೋಳು ಅಳೆದ. ಭುಜಕ್ಕೆ ಆನಿಸುವ ಮರದ ಮೇಲೆ ಗೆರೆ ಎಳೆದ.

"ಕೊಯ್ಯಬೇಡಪ್ಪ. ನಿನಗೂ ಆಗ್ಲಿ ಅಂತ—"

"ನಂದು ನಂಗಿದೆ."

ಗರಗಸ ಓಡಿತು. ಒಮ್ಮೆ ಅಳತೆಗೆ ಕೊಯ್ದರೆ ಮುಗಿಯಿತು, ಆ ಬಂದೂಕು ಇನ್ನೊಬ್ಬರ ಭುಜಕ್ಕೆ ಕೂರುವುದಿಲ್ಲ. ಕೊಯ್ದ ಬಿಲ್ಲೆ ಅಪ್ಪನ ಜೇಬಿಗೆ ಹೋಯಿತು. ನಾನು ಕೊಟ್ಟಿಗೆಯ ಹಿಂದೆ ಹೋಗಿ ಅತ್ತೆ.

ಏಪ್ರಿಲ್ 6, ಕ್ಯಾಂಪ್

ವಿಮಾನ ನಮ್ಮನ್ನು ಕೊಲ್ಲಿಯಲ್ಲಿ ಇಳಿಸಿ ಹೋಯಿತು. ಜೊತೆಗೆ ಗಿರಾಕಿ ಪ್ರೂಯಿಟ್, ಟೆಕ್ಸಾಸಿನ ಹಲ್ಲಿನ ಡಾಕ್ಟರು. ಮಂಜು ನೋಡಿದರೆ ವಿಮಾನ ಮತ್ತೆ ಯಾವಾಗಲೋ.

ಗುಡಿಸಲಿನ ಬಾಗಿಲ ಮೇಲೆ ಅವರವರ ಬಂದೂಕಿನಿಂದ ಕೊಯ್ದ ತಾತನ ಬಿಲ್ಲೆ, ಅಪ್ಪನ ಬಿಲ್ಲೆ, ಪಕ್ಕದಲ್ಲಿ ಖಾಲಿ ಮೊಳೆ. ಅಣ್ಣ ಆಂಡರ್ಸ್ ಸಿಯಾಟಲ್‌ಗೆ ಹೋದ ದಿನ ಅವನದನ್ನು ಅಪ್ಪ ಒಲೆಗೆ ಹಾಕಿದ್ದ. ಇವತ್ತು ಆ ಮೊಳೆಗೆ ನನ್ನದು.

"ನನ್ ಮಗಳು. ಗೈಡು," ಅಂದ ಪ್ರೂಯಿಟ್‌ಗೆ. ಎದೆ ಉಬ್ಬಿತ್ತು. ನಾನು ಸೌದೆ ತರಲು ಹೊರಗೆ ಹೋದೆ.

ಏಪ್ರಿಲ್ 9, ಮಧ್ಯಾಹ್ನ

ಪ್ರೂಯಿಟ್ ಹೊಡೆದದ್ದು ಕರಡಿಯ ಹೊಟ್ಟೆಗೆ ಬಿತ್ತು. ಅದು ಆಲ್ಡರ್ ಪೊದೆಯೊಳಗೆ ಹೋಗಿದೆ. ಅರ್ಧ ಗಂಟೆ ಕಾಯಬೇಕು, ಆಮೇಲೆ ಅದನ್ನು ಮುಗಿಸಲು ಗೈಡ್ ಒಳಗೆ ಹೋಗಬೇಕು. ಕಾಯುತ್ತಾ ಬರೆಯುತ್ತಿದ್ದೇನೆ.

ಅಪ್ಪ ಕಲ್ಲಿನ ಮೇಲೆ ಕೂತು ತೋಟಾ ತುಂಬುತ್ತಿದ್ದಾನೆ. ಒಂದು ಪಾಚಿಯೊಳಗೆ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು.

"ಲೈಲ್ ಹೇಳ್ದ," ಅಂದ. "ಆಂಕರೇಜ್ ವಿಷಯ."

"ಯಾವಾಗ?"

"ಬಂದೂಕು ತರೋದಕ್ಕೆ ಮುಂಚೆನೇ."

"ಗೊತ್ತಿದ್ದೂ ಕೊಯ್ದೆಯಾ?"

"ಗೊತ್ತಿತ್ತು ಅಂತಾನೇ ಕೊಯ್ದೆ."

ಒದ್ದುಬಿಡುವಷ್ಟು ಸಿಟ್ಟು ಬಂತು. ನನ್ನ ಬಂದೂಕನ್ನು ಅವನ ಕೈಗೆ ತುರುಕಿದೆ. ಭುಜಕ್ಕೆ ಏರಿಸಿದ. ಗಿಡ್ಡವಾಯಿತು, ಹೆಬ್ಬೆರಳು ಮೂಗಿಗೆ ತಗುಲಿತು. ವಾಪಸ್ ಕೊಟ್ಟ. ತನ್ನ ಹಳೆಯದನ್ನು ಊರಿಕೊಂಡು ಎದ್ದ.

"ಕೂತ್ಕೋ," ಅಂದೆ. "ನಾನ್ ಹೋಗ್ತೀನಿ."

ಕೂತ. ಕೂತೇಬಿಟ್ಟ. ಅಪ್ಪ ನನ್ನ ಮಾತು ಕೇಳಿದ್ದು ಇದೇ ಮೊದಲು.

"ಲಿವರ್ ಪೂರ್ತಿ ತಳ್ಳು ಮಗಳೇ," ಅನ್ನುತ್ತಿದ್ದಾನೆ. ಅಳುತ್ತಿದ್ದಾನೆ. ನನ್ನ ಸಿಟ್ಟು ಇಳಿದಿಲ್ಲ. ಹೊತ್ತಾಯಿತು. ಒಳಗೆ ಕೊಂಬೆ ಮುರಿದ ಸದ್ದು. ವಾಪಸ್ ಬಂದ ಮೇಲೆ ಬಾಗಿಲ ಮೇಲಿನ ನನ್ನ ಬಿಲ್ಲೆ ಕಿತ್ತು ನನ್ನ ಕೈಯಾರೆ ಒಲೆಗೆ ಹಾಕುತ್ತೇನೆ.